ಉಗುರುಬಣ್ಣದ ಕೆಂಪು ಗೆರೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೆನಡಾದ ಹ್ಯಾಮಿಲ್ಟನ್ನಿನ ಬಾರ್ಟನ್ ಬೀದಿಗೆ ಬೆನ್ನು ಮಾಡಿಕೊಂಡ ಹಳೆಯ ಕಟ್ಟಡವೊಂದರ ಮೂರನೇ ಮಹಡಿ. ಸೋಫಾವನ್ನು ಗೋಡೆಗೆ ಒತ್ತರಿಸಿ ಮಾಡಿಕೊಂಡ ಜಾಗದಲ್ಲಿ ನೆಲದಿಂದ ಚಾವಣಿಯವರೆಗೆ ಉಕ್ಕಿನ ಕಂಬವೊಂದು ನಿಂತಿದೆ. ಅದರ ಪಕ್ಕದ ಸ್ಟೂಲಿನ ಮೇಲೆ ವೆಸ್ನಾ ಮರ್ಕೊವಿನಾ ಹತ್ತಿ ನಿಂತಿದ್ದಾರೆ. ವಯಸ್ಸು ಅರವತ್ತರ ಹತ್ತಿರ. ಮೂಗಿನ ತುದಿಯಲ್ಲಿ ಕನ್ನಡಕ, ಬಾಯಲ್ಲಿ ಕಚ್ಚಿಕೊಂಡ, ಸ್ಕ್ರೂ ತಿರುಗಿಸುವ ಅಲೆನ್ ಕೀ. ಕಂಬಕ್ಕೆ ಕಿವಿ ಹಚ್ಚಿ ಮೆಲ್ಲಗೆ ತಿರುಗಿಸುತ್ತಾರೆ. ಅದು ಕಿರ್ರೆನ್ನುತ್ತದೆ. ಮೇಲಿನ ಬೇರಿಂಗಿಗೆ ಬೆರಳು ಹಾಕಿ ಮೂಸಿ ನೋಡುತ್ತಾರೆ.

"ಯಾರಮ್ಮಾ ಇದಕ್ಕೆ ಅಡುಗೆ ಎಣ್ಣೆ ಹಾಕಿದ್ದು?"

"ನಾನೇ," ಎನ್ನುತ್ತಾಳೆ ಮನೆಯೊಡತಿ ಕೀರಾ ಡೂಲನ್. ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ ಮುಗಿಸಿ ಈಗಷ್ಟೇ ಬಂದಿದ್ದಾಳೆ. ಕೊರಳಲ್ಲಿ ಗುರುತಿನ ಚೀಟಿ ಇನ್ನೂ ನೇತಾಡುತ್ತಿದೆ. "ಒಂದೇ ಸಮ ಕಿರಗುಟ್ತಿತ್ತು. ಕೆಳಗಿನ ಮನೆಯವನು ಬಂದು ಬಾಗಿಲು ಬಡಿದ."

"ಎಣ್ಣೆ ಬಾಣಲೆಗೆ, ಚಿನ್ನ, ಬೇರಿಂಗಿಗಲ್ಲ. ಇನ್ನು ಸ್ವಲ್ಪ ದಿನ ಬಿಟ್ಟಿದ್ರೆ ಇಲ್ಲೇ ಬೋಂಡಾ ಕರೀಬಹುದಿತ್ತು."

ಕೀರಾ ನಗುತ್ತಾಳೆ. ವೆಸ್ನಾ ಸ್ಟೂಲಿನಿಂದ ಇಳಿದು, ಮೊಣಕಾಲ ಕೆಳಗೊಂದು ದಿಂಬು ಹಾಕಿಕೊಂಡು ಕಂಬದ ಬುಡಕ್ಕೆ ಬಗ್ಗುತ್ತಾರೆ. ಬಗ್ಗಿದವರು ಹಾಗೇ ಇರುತ್ತಾರೆ. ಬುಡದ ದಪ್ಪ ಸ್ಕ್ರೂವಿನ ಸುತ್ತ, ಕಂಬದ ಅಂಚಿಗೆ ಸರಿಯಾಗಿ, ಒಂದು ಕೆಂಪು ಗೆರೆ ಇದೆ.

"ಇದು ಇಲ್ಲಿಗೆ ಹೇಗೆ ಬಂತು?"

"ಯಾವುದು, ಗೆರೆನಾ? ಕೊಂಡಾಗಲೇ ಇತ್ತು. ಕೆಂಪು ಗೆರೆ ತನಕ ಬಿಗಿ ಮಾಡಿ ಅಂತ ಮಾರಿದವರೇ ಜಾಹೀರಾತಲ್ಲಿ ಬರೆದಿದ್ರು. ನೋಡಿ, ಸರಿಯಾಗಿ ಗೆರೆಗೇ ತಂದು ನಿಲ್ಲಿಸಿದ್ದೀನಿ. ಒಂದು ಕೂದಲೂ ಆಚೀಚೆ ಇಲ್ಲ." ಅವಳ ದನಿಯಲ್ಲಿ ಹೆಮ್ಮೆ ಇದೆ.

"ಹತ್ತುತಾ ಇದ್ದೀಯಾ ಇದನ್ನ?"

"ಕ್ರಿಸ್‌ಮಸ್‌ನಿಂದ. ಹೋದ ವಾರ ತಲೆಕೆಳಗಾಗಿ ನಿಲ್ಲೋದು ಕಲಿತೆ."

ವೆಸ್ನಾ ಬಾಯಿಂದ ಅಲೆನ್ ಕೀ ತೆಗೆದು ನೆಲದ ಮೇಲಿಡುತ್ತಾರೆ. "ಆ ಗೆರೆ ಎಳೆದವಳು ನಾನು," ಎನ್ನುತ್ತಾರೆ. "ಅದು ಅಳತೆ ಅಲ್ಲ ಕಣೇ. ಹತ್ತಬೇಡ ಅಂತ ಅದರರ್ಥ."

ವೆಸ್ನಾ ಅವರ ಕೆಲಸಕ್ಕೆ ಹೆಸರಿಲ್ಲ. ಕೊಳಾಯಿ ರಿಪೇರಿಯವನಿಗೆ ಹೆಸರಿದೆ, ಬೀಗ ರಿಪೇರಿಯವನಿಗೂ ಇದೆ. ನೃತ್ಯದ ಕಂಬವನ್ನು ಸೆಕೆಂಡ್ ಹ್ಯಾಂಡಿಗೆ ಕೊಂಡು ತಂದು, ನಿಲ್ಲಿಸಲಾರದೆ ತಲೆ ಮೇಲೆ ಕೈ ಹೊತ್ತು ಕೂತವರ ಮನೆಗೆ ಹೋಗಿ ಸರಿಮಾಡಿಕೊಡುವವಳನ್ನು ಏನೆಂದು ಕರೆಯಬೇಕೋ ಈ ಊರಿಗೆ ಗೊತ್ತಿಲ್ಲ. ಗಿರಾಕಿಗಳ ಫೋನಿನಲ್ಲಿ ಅವರು 'ಕಂಬದ ಹೆಂಗಸು'. ಕೆಲವರಿಗೆ ಅಷ್ಟು ಬರೆದುಕೊಳ್ಳಲೂ ಅಂಜಿಕೆ. ಯಾರ ಕಣ್ಣಿಗಾದರೂ ಬಿದ್ದೀತೆಂದು 'ಕೊಳಾಯಿ' ಎಂದು ಬರೆದುಕೊಂಡಿರುತ್ತಾರೆ. ಒಮ್ಮೆ ಒಬ್ಬಳ ಗಂಡ ಆ ನಂಬರಿಗೇ ಫೋನ್ ಮಾಡಿ, ಬಚ್ಚಲು ಕಟ್ಟಿಕೊಂಡಿದೆ ಬನ್ನಿ ಎಂದು ಕರೆದನಂತೆ. ವೆಸ್ನಾ ಹೋಗಿ ಅದನ್ನೂ ಸರಿಮಾಡಿ ಬಂದರು.

ಕೆಲಸಕ್ಕೇನೂ ಬರವಿಲ್ಲ. ಕೊರೊನಾ ಕಾಲದಲ್ಲಿ ಮನೆಯೊಳಗೆ ಕೂತು ಬೇಸತ್ತವರು ಹುರುಪಿನಿಂದ ಕೊಂಡ ಕಂಬಗಳು ಈಗ ನೆಲಮಾಳಿಗೆಗಳಿಂದ ಒಂದೊಂದಾಗಿ ಮಾರಾಟಕ್ಕೆ ಬರುತ್ತಿವೆ. ಕೊಂಡವರಿಗೆ ಕಂಬ ಸಿಗುತ್ತದೆ, ಕೀಲಿ ಸಿಗುವುದಿಲ್ಲ. ಚಾವಣಿಗೆ ಒತ್ತುವ ಮೇಲಿನ ಬಟ್ಟಲು ಸಿಕ್ಕರೆ ನಡುವಿನ ಜೋಡಣೆ ಕಳೆದುಹೋಗಿರುತ್ತದೆ. ಚಾವಣಿಯ ತೊಲೆ ಎಲ್ಲಿದೆಯೆಂದು ನೋಡದೆ ಬರೀ ಹಲಗೆಗೆ ಒತ್ತಿ ನಿಲ್ಲಿಸಿ, ಮೇಲಿನ ಮನೆಯವರ ಕಾರ್ಪೆಟ್ ಕಾಣುವ ಹಾಗೆ ತೂತು ಮಾಡಿಕೊಂಡವರಿದ್ದಾರೆ. ಫಳಫಳ ಹೊಳೆಯಲೆಂದು ಮೇಜಿನ ಪಾಲಿಶ್ ಬಳಿದು, ಹತ್ತಿದಷ್ಟೇ ವೇಗದಲ್ಲಿ ಕೆಳಗಿಳಿದವರೂ ಇದ್ದಾರೆ.

"ಮೈಗೆಲ್ಲ ಲೋಶನ್ ಮೆತ್ಕೊಂಡು ಹತ್ತುತಾರೆ. ಆಮೇಲೆ ಕಂಬ ಜಾರುತ್ತೆ ಅಂತ ನನಗೆ ಫೋನು," ಎನ್ನುತ್ತಾರೆ ವೆಸ್ನಾ. "ಜಾರೋದು ನೀನಮ್ಮಾ, ಕಂಬ ಅಲ್ಲ. ಇನ್ನು ಗಂಡಂದಿರು ನಿಲ್ಲಿಸಿದ ಕಂಬ ಅಂದ್ರೆ ನಾನು ರಸಮಟ್ಟ ಹೊರಗೇ ತೆಗೆಯಲ್ಲ. ವಾಲಿರೋದು ಬಾಗಿಲಿಂದಲೇ ಕಾಣುತ್ತೆ. ಆದ್ರೆ ಅವನು ಪಕ್ಕದಲ್ಲೇ ಕೈ ಕಟ್ಕೊಂಡು ನಿಂತಿರ್ತಾನಲ್ಲ, ಅದಕ್ಕೇ 'ನೆಲ ಸ್ವಲ್ಪ ಏರುಪೇರಿದೆ' ಅಂತೀನಿ."

ಇವೆಲ್ಲ ನಕ್ಕು ಮರೆಯುವ ತೊಂದರೆಗಳು. ನಗದ ತೊಂದರೆ ಒಂದಿದೆ. ಮನೆ ಬಳಕೆಯ ಕಂಬಕ್ಕೆ ಯಾರೂ ಚಾವಣಿ ಕೊರೆದು ಬೋಲ್ಟ್ ಹಾಕುವುದಿಲ್ಲ. ಬುಡದಲ್ಲೊಂದು ದಪ್ಪ ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸಿದಷ್ಟೂ ಕಂಬ ಉದ್ದವಾಗಿ ನೆಲಕ್ಕೂ ಚಾವಣಿಗೂ ನಡುವೆ ಒತ್ತಿ ನಿಲ್ಲುತ್ತದೆ. ಹತ್ತಿದವಳ ಜೀವವೆಲ್ಲ ಆ ಒತ್ತಡದ ಮೇಲೆ. ಆ ಸ್ಕ್ರೂವಿನ ಥ್ರೆಡ್, ಅದರ ಮೈಮೇಲಿನ ಸುರುಳಿ ಏಣು, ಸವೆದರೆ ಕಂಬ ಮೊದಮೊದಲು ಕಿರಗುಟ್ಟುತ್ತದೆ. ಆಮೇಲೆ ಯಾರಿಗೂ ಕಾಣದಷ್ಟು ಕೆಳಗಿಳಿಯುತ್ತದೆ. ಆಮೇಲೊಂದು ದಿನ ಮೇಲಿದ್ದವಳ ಸಮೇತ ಉರುಳುತ್ತದೆ. ಕೀರಾ ಬಿಗಿ ಮಾಡಿದ್ದು ಥ್ರೆಡ್ ಸತ್ತುಹೋದ ಜಾಗಕ್ಕೇ, ಒಂದು ಕೂದಲೂ ಆಚೀಚೆ ಇಲ್ಲದಂತೆ.

ಗೆರೆ ಎಳೆಯುವ ಪದ್ಧತಿ ಹುಟ್ಟಿದ್ದು ಇದೇ ಬಾರ್ಟನ್ ಬೀದಿಯ ಒಂದು ಕ್ಲಬ್ಬಿನಲ್ಲಿ. ಈಗ ಅಲ್ಲಿ ಟೈಲ್ಸ್ ಮಳಿಗೆ ಇದೆ. ಹರೆಯದಿಂದ ಹಿಡಿದು ಮೊಣಕಾಲು ಕೈಕೊಡುವವರೆಗೆ ವೆಸ್ನಾ ಅಲ್ಲಿ ಬಟ್ಟೆ ಬಿಚ್ಚಿ ಕುಣಿಯುತ್ತಿದ್ದರು. ಅದನ್ನು ಸುತ್ತಿ ಬಳಸಿ ಹೇಳುವುದು ಅವರಿಗೆ ಸೇರುವುದಿಲ್ಲ. "ಸ್ಟ್ರಿಪ್ಪರ್ ಅಂತಲೇ ಬರೀರಿ. 'ಕಲಾವಿದೆ' ಅಂತೇನಾದ್ರೂ ಬರೆದ್ರೆ ನಮ್ಮಮ್ಮ ಗೋರಿಯಿಂದ ಎದ್ದು ಬಂದು ನಗ್ತಾಳೆ," ಎನ್ನುತ್ತಾರೆ.

ತಂದೆ ಕ್ರೊಯೇಷಿಯಾದಿಂದ ಬಂದು ಇಲ್ಲಿನ ಉಕ್ಕಿನ ಕಾರ್ಖಾನೆಯ ಕುಲುಮೆಯ ಮುಂದೆ ಆಯುಷ್ಯ ಸವೆಸಿದವರು. ಮಗಳ ಕೆಲಸ ಏನೆಂದು ಗೊತ್ತಾದ ದಿನ ಅವಳೊಂದಿಗೆ ಮಾತು ಬಿಟ್ಟರು. ಭಾನುವಾರ ಚರ್ಚಿನ ಹೊರಗೆ ಊರಿನ ಕಡೆಯವರು ಯಾರಾದರೂ ಮಗಳ ಸುದ್ದಿ ಕೇಳಿದರೆ, "ಅವಳೂ ಉಕ್ಕಿನ ಕೆಲಸದಲ್ಲೇ ಇದ್ದಾಳೆ" ಎನ್ನುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಎಲೆಕೋಸಿನ ಸುರುಳಿ ಬಡಿಸುತ್ತಾ ಚಿಕ್ಕಮ್ಮ ಈ ಮಾತು ಹೇಳಿದಾಗ ವೆಸ್ನಾ ಅವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಂದೆಯ ಸ್ಪ್ಯಾನರ್ ಪೆಟ್ಟಿಗೆಯನ್ನು ಮಾತ್ರ ಕೇಳಿ ತೆಗೆದುಕೊಂಡು ಬಂದರು. ಈಗಲೂ ವ್ಯಾನಿನಲ್ಲಿ ಇರುವುದು ಅದೇ.

ಕ್ಲಬ್ಬಿನವರು ಕಂಬಗಳನ್ನು ಎಂದೂ ರಿಪೇರಿ ಮಾಡಿಸುತ್ತಿರಲಿಲ್ಲ. ಕಂಬ ಅಲ್ಲಾಡುತ್ತದೆ ಎಂದು ದೂರು ಹೇಳಿದವಳಿಗೆ ಮುಂದಿನ ವಾರ ಪಾಳಿ ಸಿಗುತ್ತಿರಲಿಲ್ಲ. ಹೀಗಾಗಿ ಎಲ್ಲರ ಬಾಯಿಗೂ ಬೀಗ. ಅಲ್ಲಿನ ಹಿರಿಯಳು, ದೊಡ್ಡ ಲೊರೇನ್ ಎಂದು ಎಲ್ಲರೂ ಕರೆಯುತ್ತಿದ್ದವಳು, ಬಾಯಿ ಬಿಡದೆಯೇ ಹೇಳುವ ಉಪಾಯ ಕಂಡುಹಿಡಿದಳು. ಕಂಬದಲ್ಲಿ ಯಾವ ಜಾಗ ನಂಬುವಂತಿಲ್ಲವೋ ಅಲ್ಲಿಗೆ ಕೆಂಪು ಉಗುರುಬಣ್ಣದ ಗೆರೆ, ದಪ್ಪಗೆ, ಎರಡು ಮೂರು ಸಲ ಬಳಿದು.

"ನಮ್ಮ ಚೀಲದಲ್ಲಿ ಇನ್ನೇನಿತ್ತು, ಹೇಳಿ? ನೇಲ್ ಪಾಲಿಶ್ ಇತ್ತು," ಎಂದು ವೆಸ್ನಾ ನೆನೆಯುತ್ತಾರೆ. "ಬಣ್ಣ ಆ ಬೆಳಕಲ್ಲಿ ಕಾಣಲ್ಲ. ಬೆರಳಿಗೆ ಸಿಗುತ್ತೆ. ಹತ್ತೋಕೆ ಮುಂಚೆ ಕುಣೀತಾ ಕುಣೀತಾನೇ ಬಗ್ಗಿ, ಬುಡ ಸವರಿ ನೋಡ್ತಿದ್ವಿ. ಉಬ್ಬು ಸಿಕ್ತು ಅಂದ್ರೆ ಅವತ್ತು ಮೇಲೆ ಹೋಗೋ ಹಾಗಿಲ್ಲ, ಏನಿದ್ರೂ ನೆಲದ ಮೇಲೇ ಕುಣಿತ. ಕೂತು ನೋಡೋ ಗಂಡಸರಿಗೆ ಆ ಬಗ್ಗೋದೇ ಒಂದು ಶೈಲಿ. ನಾವು ನಮ್ಮ ಕತ್ತು ಕಾಯ್ಕೋತಾ ಇದ್ವಿ, ಅವರು ಚಪ್ಪಾಳೆ ತಟ್ತಾ ಇದ್ರು."

ಆ ಬಗ್ಗಿ ಸವರುವ ಭಂಗಿ ಈಗ ಪಾಠವಾಗಿದೆ. ಊರಿನ ನಡುವೆ ಜೋಡಿನ ಅಂಗಡಿಯೊಂದರ ಮಾಳಿಗೆಯಲ್ಲಿ ಮೆರೆಡಿತ್ ಆಸ್‌ಗುಡ್ ಎಂಬಾಕೆ ಕಂಬ ನೃತ್ಯದ ವ್ಯಾಯಾಮ ಶಾಲೆ ನಡೆಸುತ್ತಾರೆ. ಬಾಗಿಲ ಮೇಲೆ 'ಇದು ವ್ಯಾಯಾಮ, ಬೇರೇನೂ ಅಲ್ಲ' ಎಂಬ ಬೋರ್ಡಿದೆ. ಅಲ್ಲಿ ಹೊಸಬರಿಗೆ ಮೊದಲ ದಿನವೇ ಕಲಿಸುವುದು ಕಂಬದ ಬುಡಕ್ಕೆ ಬಾಗಿ ಬೆರಳಾಡಿಸುವುದನ್ನು. ಏಕೆಂದು ಕೇಳಿದರೆ, ನೋಡಲು ಚೆಂದ ಎನ್ನುತ್ತಾರೆ. ಅಲ್ಲೇ ಕಲಿಯುವ ಕೀರಾಳೂ ದಿನಾ ಹಾಗೆಯೇ ಬಗ್ಗಿ, ಆ ಗೆರೆಯ ಉಬ್ಬನ್ನು ಸವರಿ, ಆಮೇಲೆ ಅದೇ ಕಂಬ ಹತ್ತುತ್ತಿದ್ದಳು.

ಅಂದು ಬೆಳಗ್ಗೆ ವೆಸ್ನಾ ಕೀರಾಳ ಕಂಬವನ್ನು ಬಿಚ್ಚಿ ಗೋಡೆಗೊರಗಿಸಿ, ಬುಡದ ಸ್ಕ್ರೂವನ್ನು ಕಳಚಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಕೀರಾ ತಡೆಯುತ್ತಾಳೆ.

"ತಗೊಂಡು ಹೋಗ್ಬೇಡಿ ವೆಸ್ನಾ, ಹೇಗಾದ್ರೂ ಸರಿಮಾಡಿ. ರಾತ್ರಿಯೆಲ್ಲ ಬೇರೆಯವರ ಮೈ ಎತ್ತಿ ಇಳಿಸಿ ಸಾಕಾಗಿರುತ್ತೆ ನಂಗೆ. ಇಲ್ಲಿಗೆ ಬಂದು ನನ್ನ ಮೈನ ನಾನೇ ಎತ್ಕೋತೀನಿ. ಅದೊಂದೇ ಇರೋದು."

"ಬೇರೆ ಬುಡ ಹುಡುಕಿ ತಂದು ನಾನೇ ಹಾಕಿಕೊಡ್ತೀನಿ. ಅಲ್ಲಿವರೆಗೆ ನೆಲದ ಮೇಲೆ ಕುಣಿ. ನಾವೆಲ್ಲ ಕುಣಿದಿಲ್ವಾ?"

ಅಲ್ಲಿಂದ ವ್ಯಾನು ನೇರ ಮೆರೆಡಿತ್ ಅವರ ಶಾಲೆಗೆ. ಕೀರಾ ಕಂಬ ಕೊಂಡದ್ದು ಅಲ್ಲಿಂದಲೇ. ಬಾಡಿಗೆ ಕಟ್ಟಡವಾದ್ದರಿಂದ ಅಲ್ಲೂ ಚಾವಣಿ ಕೊರೆಯುವಂತಿಲ್ಲ, ಒತ್ತಿ ನಿಲ್ಲಿಸುವ ಕಂಬಗಳೇ. ಅವುಗಳನ್ನು ನೋಡಿಕೊಳ್ಳುವ ಕೆಲಸ ಬಹಳ ಕಾಲದಿಂದ ವೆಸ್ನಾ ಅವರದು. ಹೊಸ ವಿದ್ಯಾರ್ಥಿನಿಯರಿಗೆ ಅವರ ನಂಬರು ಕೊಡುವುದೂ ಮೆರೆಡಿತ್ ಅವರೇ. ಹೊಟ್ಟೆಪಾಡು ನಡೆಯುತ್ತಿದ್ದುದು ಹೆಚ್ಚುಕಡಿಮೆ ಅದರಿಂದಲೇ. ಕಳೆದ ಶರತ್ಕಾಲದಲ್ಲಿ ಐದು ಕಂಬಗಳ ಥ್ರೆಡ್ ಸವೆದಿರುವುದನ್ನು ಕಂಡು ಐದಕ್ಕೂ ಗೆರೆ ಎಳೆದು, "ಇವು ಆಗಲ್ಲ" ಎಂದು ಹೇಳಿ ಬಂದಿದ್ದರು. ಹೊಸ ಕಂಬಗಳು ಬಂದವು. ಹಳೆಯವು ಗುಜರಿಗೆ ಹೋದವೆಂದು ವೆಸ್ನಾ ತಿಳಿದಿದ್ದರು.

"ನೀನೇ ತಾನೆ ಗುರುತು ಹಾಕಿದ್ದು? ನಾನು ಅಳತೆ ಅಂದ್ಕೊಂಡೆ," ಎನ್ನುತ್ತಾರೆ ಮೆರೆಡಿತ್. ತರಗತಿ ಶುರುವಾಗುವ ಮುಂಚೆ ನೆಲ ಒರೆಸುತ್ತಿದ್ದಾರೆ.

"ಆಗಲ್ಲ ಅಂತ ಬಾಯಿ ಬಿಟ್ಟು ಹೇಳಿದ್ನಲ್ಲ ಮೆರೆಡಿತ್."

"ಕ್ಲಾಸಿಗೆ ಆಗಲ್ಲ ಅಂತ ತಾನೆ? ಇಲ್ಲಿ ಬೆಳಗಿಂದ ಸಂಜೆ ತನಕ ಹತ್ತುತಾರೆ. ಮನೇಲಿ ಒಬ್ಬಳು, ಯಾವಾಗಲೋ ಒಂದು ಸಲ. ಮನೆ ಬಳಕೆಗೆ ಸಾಕು ಅಂದ್ಕೊಂಡೆ."

"ಮನೇಲಿ ಬಿದ್ರೆ ಕತ್ತು ಮುರಿಯಲ್ವಾ?"

"ಕೆಂಪು ಗೆರೆ ಅಂದ್ರೆ ಏನಂತ ನಂಗೆ ಹೇಗೆ ಗೊತ್ತಾಗ್ಬೇಕು ವೆಸ್ನಾ? ಅದು ನಿಮ್ಮ... ಅಲ್ಲಿಯ ಪದ್ಧತಿ."

"ಅಲ್ಲಿಯ ಅಂದ್ರೆ?"

ಮೆರೆಡಿತ್ ನೆಲ ಒರೆಸುವ ಕೋಲನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡುತ್ತಾರೆ.

ಮೆರೆಡಿತ್ ಕೆಟ್ಟವಳಲ್ಲ ಎಂದು ವೆಸ್ನಾ ಅವರೇ ಹೇಳುತ್ತಾರೆ. ಕಟ್ಟಡದ ಮಾಲೀಕ ಬಾಡಿಗೆ ಏರಿಸುತ್ತಲೇ ಇದ್ದಾನೆ, ಮನೆಯಲ್ಲಿ ಕಾಯಿಲೆಯ ತಾಯಿ ಇದ್ದಾಳೆ. ಹಳೆಯ ಕಂಬಗಳನ್ನು ಮಾರಲು ಹಾಕಿದ್ದ ಜಾಹೀರಾತನ್ನು ಆಗಲೇ ತೆಗೆದುಹಾಕಿದರು. ಆದರೆ ಐದೂ ಒಂದೇ ವಾರಾಂತ್ಯದಲ್ಲಿ ಮಾರಿಹೋಗಿದ್ದವು. ಬಂದರು, ನೋಟು ಕೊಟ್ಟರು, ಕಾರಿನ ಮೇಲೆ ಕಟ್ಟಿಕೊಂಡು ಹೋದರು. ಕೀರಾಳನ್ನು ಬಿಟ್ಟರೆ, ಒಬ್ಬಳು ಬಸ್ ಡ್ರೈವರ್ ಟ್ಯಾಮ್ಸಿನ್, ಹಿಂದೆ ಇಲ್ಲೇ ಕಲಿತವಳು. ಬೆಟ್ಟದ ಮೇಲಿನ ಬಡಾವಣೆಯವರು ಯಾರೋ ಇಬ್ಬರು. ಇನ್ನೊಬ್ಬಳು ಹಸಿರು ಕೋಟಿನವಳು, ಅವಳ ಕಾರಿನ ಹಿಂದಿನ ಸೀಟಿನಲ್ಲಿ ಮಗುವಿನ ಕುರ್ಚಿ ಕಟ್ಟಿತ್ತು. ಮೆರೆಡಿತ್ ಅವರಿಗೆ ನೆನಪಿದ್ದುದು ಇಷ್ಟೇ. ಶಾಲೆಯ ಬಾಗಿಲಿಗೊಂದು ಎಚ್ಚರಿಕೆಯ ಚೀಟಿ ಅಂಟಿಸಲು ಅವರು ಒಪ್ಪಲಿಲ್ಲ. ವಿಮೆಯವರ ಕಿವಿಗೆ ಬಿದ್ದರೆ ಶಾಲೆಗೆ ಬೀಗ ಬೀಳುತ್ತದೆ, ಸದ್ದಿಲ್ಲದೆ ಹುಡುಕಿಕೋ ಎಂದು ಕೈಮುಗಿದರು.

ವೆಸ್ನಾ ಸದ್ದು ಮಾಡಿದರು. ಊರಿನ ಕಂಬ ನೃತ್ಯದ ಹೆಣ್ಣುಮಕ್ಕಳದೊಂದು ಆನ್‌ಲೈನ್ ಗುಂಪಿದೆ. ಅದರಲ್ಲಿ ವೆಸ್ನಾ ಒಂದೊಂದೇ ಅಕ್ಷರ ಒತ್ತಿ ಬರೆದರು: ನಿಮ್ಮ ಕಂಬದ ಬುಡದಲ್ಲಿ ಕೆಂಪು ಗೆರೆ ಇದ್ದರೆ ಹತ್ತಬೇಡಿ, ಅದು ಅಳತೆಯಲ್ಲ, ಸ್ಟ್ರಿಪ್ಪರ್‌ಗಳು ಹಾಕುವ ಅಪಾಯದ ಗುರುತು, ನನಗೆ ಫೋನ್ ಮಾಡಿ, ದುಡ್ಡು ಬೇಡ. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಯಾರೋ ಅದನ್ನು ಅಳಿಸಿಹಾಕಿದ್ದರು. ಗುಂಪು ನಡೆಸುವವರಿಂದ ಒಂದು ಒಕ್ಕಣೆ ಬಂದಿತ್ತು. ನಮ್ಮದು ವ್ಯಾಯಾಮದ ಗುಂಪು, ಇಲ್ಲಿ ಇಂಥ ಪದಗಳಿಗೆ ಅವಕಾಶವಿಲ್ಲ, ನಮ್ಮಲ್ಲಿ ಯಾರೂ ಅಂಥವರಲ್ಲ, ದಯವಿಟ್ಟು ಸಹಕರಿಸಿ.

"ನಂಗೆ ಆಗ ಬಂದ ಸಿಟ್ಟು ಇದೆಯಲ್ಲ," ಎನ್ನುತ್ತಾರೆ ವೆಸ್ನಾ, "ಫೋನ್ ಎತ್ತಿ ಕೆರೆಗೆ ಎಸೀಬೇಕು ಅನ್ನಿಸ್ತು. ಇವರು ಹತ್ತೋದು ನಮ್ಮ ಕಂಬ, ಹಾಕೋದು ನಮ್ಮ ಚಪ್ಪಲಿ, ತಿರುಗೋದು ನಾವು ತಿರುಗಿದ ಹಾಗೆ. ನಮ್ಮ ಹೆಸರು ಮಾತ್ರ ಕೊಳಕು."

ಸಿಟ್ಟು ನುಂಗಿಕೊಂಡರು. ಹಸಿರು ಕೋಟಿನವಳು ಈ ಹೊತ್ತಿನಲ್ಲೇ ಹತ್ತುತ್ತಿರಬಹುದು ಎಂಬ ಯೋಚನೆ ಬಂದು, ಆ ಪದ ತೆಗೆದು ಮತ್ತೆ ಬರೆದರು. ಈ ಸಲ ಅಳಿಸಲಿಲ್ಲ. ಆದರೆ ಪ್ರಶ್ನೆಗಳು ಶುರುವಾದವು. ಹಾಗಾದರೆ ಇದು ಯಾರ ಗುರುತು? ಯಾವ ಕಂಪನಿಯದು? ನನ್ನ ಕಂಬದಲ್ಲೂ ಗೆರೆ ಇದೆ, ಅದು ಇದಕ್ಕಿಂತ ಮೇಲೆ ಏರಿಸಬೇಡಿ ಎಂದು ಕಂಪನಿಯವರೇ ಹಾಕಿದ್ದು, ನೀವು ಯಾರು ಹೇಳಲು? ರಿಪೇರಿಯವಳು ಗಿರಾಕಿ ಹಿಡಿಯಲು ಹೂಡಿದ ಆಟ ಎಂದೂ ಒಬ್ಬಳು ಬರೆದಳು. ಅದಕ್ಕೆ ಹತ್ತಾರು ಜನ ನಗುವ ಮುಖ ಒತ್ತಿದರು. ಆ ವಾರದಿಂದ ಮೆರೆಡಿತ್ ಅವರ ಕಡೆಯಿಂದ ಫೋನ್ ಬರುವುದೂ ನಿಂತಿತು.

ಆದರೂ ಬೆಟ್ಟದ ಮೇಲಿನ ಇಬ್ಬರು ಸಿಕ್ಕಿದ್ದು ಆ ಬರಹದಿಂದಲೇ. ಒಂದು ಮನೆಯಲ್ಲಿ ಕಂಬ ಮಂಚದ ಕೆಳಗೆ ಮಲಗಿತ್ತು. ಎಲ್ಲಿ ನಿಲ್ಲಿಸಬೇಕೆಂದು ಗಂಡಹೆಂಡಿರು ಜಗಳವಾಡಿ, ಮುನಿಸಿಕೊಂಡು, ನಿಲ್ಲಿಸಿಯೇ ಇರಲಿಲ್ಲ. "ಹೀಗೇ ಜಗಳಾಡ್ತಾ ಚೆನ್ನಾಗಿರಿ" ಎಂದು ಹರಸಿ ವೆಸ್ನಾ ಬುಡ ಕಳಚಿಕೊಂಡು ಬಂದರು. ಇನ್ನೊಂದು ಮನೆಯಲ್ಲಿ ಕಂಬದ ಮೇಲೆ ಒದ್ದೆ ಕೋಟುಗಳನ್ನು ಒಣಗಿಸಲು ಹಾಕಿದ್ದರು.

ಟ್ಯಾಮ್ಸಿನ್ ಫೋನ್ ಎತ್ತಲಿಲ್ಲ. ವೆಸ್ನಾ ವಿಳಾಸ ವಿಚಾರಿಸಿಕೊಂಡು ಮನೆಗೇ ಹೋದರು. ಬಾಗಿಲು ತೆರೆದವಳ ಎಡಗೈ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿತ್ತು.

"ಏನಾಯ್ತು ಮರೀ?"

"ಐಸ್ ಮೇಲೆ ಜಾರಿದೆ. ಹೊರಗಡೆ ಮೆಟ್ಟಿಲಲ್ಲಿ."

ವೆಸ್ನಾ ಒಳಗೆ ಬಂದು ಸುತ್ತ ನೋಡಿದರು. ನಡುಮನೆಯಲ್ಲಿ ಕಂಬವಿರಲಿಲ್ಲ. ಚಾವಣಿಯಲ್ಲಿ ದುಂಡನೆಯ ಗುರುತೊಂದು ಇತ್ತು, ಅದರ ಒಂದು ಪಕ್ಕದಿಂದ ಬಣ್ಣ ಉದ್ದಕ್ಕೆ ಕಿತ್ತುಬಂದಿತ್ತು. ನೆಲದ ಹಲಗೆ ಜಜ್ಜಿಹೋಗಿತ್ತು.

"ಮೆಟ್ಟಿಲು ಇಲ್ಲಿತ್ತಾ?" ಎಂದು ವೆಸ್ನಾ ಮೆಲ್ಲಗೆ ಕೇಳಿದರು.

ಟ್ಯಾಮ್ಸಿನ್ ಅಡುಗೆಮನೆಯ ಕುರ್ಚಿಯಲ್ಲಿ ಕೂತು ಅತ್ತಳು. "ತಪ್ಪು ನಂದೇ. ನಾನು ತುಂಬಾ ದಪ್ಪ. ಕಂಬ ನನ್ನಂಥವಳಿಗಲ್ಲ ಅಂತ ಎಲ್ಲರೂ ಹೇಳ್ತಾನೇ ಇದ್ರು. ಗೆರೆ ತನಕ ಸರಿಯಾಗೇ ಬಿಗಿ ಮಾಡಿದ್ದೆ ವೆಸ್ನಾ, ಆದ್ರೂ ನನ್ನ ಭಾರ ತಡೀಲಿಲ್ಲ. ಈಗ ರಾತ್ರಿ ಊಟ ಬಿಟ್ಟಿದ್ದೀನಿ."

ಟ್ಯಾಮ್ಸಿನ್ ಬಚ್ಚಿಟ್ಟಿದ್ದ ಕಂಬವನ್ನು ವೆಸ್ನಾ ಬೀರುವಿನ ಹಿಂದಿನಿಂದ ಎಳೆದು, ಬುಡದ ಸ್ಕ್ರೂ ತೋರಿಸಿದರು. ಗೆರೆಯ ಪಕ್ಕದಲ್ಲಿ ಥ್ರೆಡ್ ಬೋಳಾಗಿ ಮಿನುಗುತ್ತಿತ್ತು. "ನಿನ್ನ ಭಾರ ಅಲ್ಲ. ಒಂದು ಬೆಕ್ಕು ಹತ್ತಿದ್ರೂ ಇದು ಬೀಳ್ತಿತ್ತು. ಮೊದಲು ಏನಾದ್ರೂ ಬೇಯಿಸ್ಕೊಂಡು ತಿನ್ನು."

ಟ್ಯಾಮ್ಸಿನ್ ಆ ಬೋಳು ಜಾಗದ ಮೇಲೆ ಬೆರಳಾಡಿಸಿದಳು. "ಆಸ್ಪತ್ರೇಲೂ ಐಸ್ ಅಂತಲೇ ಹೇಳಿದೆ," ಎಂದಳು. "ಕಂಬದಿಂದ ಬಿದ್ದೆ ಅಂತ ಆ ಡಾಕ್ಟರ ಮುಂದೆ ಹೇಗೆ ಹೇಳಲಿ? ಡಿಪೋದಲ್ಲಿ ಗೊತ್ತಾದ್ರೆ ಗಂಡಸರು ಬದುಕೋಕೆ ಬಿಡ್ತಾರಾ? ನರ್ಸು ಬರ್ಕೊಂಡು, ಈ ಚಳಿಗಾಲ ಬರೀ ಇದೇ ಆಯ್ತು ಅಂದ್ಲು."

ಭುಜ ಕೂಡಿಕೊಳ್ಳುವ ತನಕ ಅವಳು ಬಸ್ಸಿನ ಸ್ಟೇರಿಂಗ್ ಹಿಡಿಯುವಂತಿಲ್ಲ. ಕೂಡಿಕೊಂಡ ಮೇಲೂ ಮೊದಲಿನಂತೆ ಆಗುತ್ತದೋ ಇಲ್ಲವೋ ಡಾಕ್ಟರು ಹೇಳಿಲ್ಲ. ಬಾಗಿಲವರೆಗೆ ಬಂದು, "ಹಾಗಾದ್ರೆ ನಾನು ಮತ್ತೆ ಹತ್ತಬಹುದಾ?" ಎಂದು ಅವಳು ಕೇಳಿದಾಗ ವೆಸ್ನಾ ಅವಳ ಕೊರಳ ಪಟ್ಟಿಯ ಗಂಟನ್ನು ಸರಿಮಾಡಿದರು.

ಮಾರ್ಚ್ ಬಂದಿದೆ. ಹಗಲು ಕರಗಿದ ಹಿಮ ರಾತ್ರಿಯ ಚಳಿಗೆ ಮತ್ತೆ ಗಟ್ಟಿಯಾಗಿ ಬೀದಿಯೆಲ್ಲ ಗಾಜಿನಂತಿದೆ. ವೆಸ್ನಾ ಅವರ ವ್ಯಾನಿನ ಮುಂಭಾಗದಲ್ಲಿ, ಕಾಫಿ ಲೋಟದ ಪಕ್ಕ, ಗರಗಸದಿಂದ ಕೊಯ್ದ ನಾಲ್ಕು ಸ್ಕ್ರೂ ತುಂಡುಗಳಿವೆ. ನಾಲ್ಕಕ್ಕೂ ಕೆಂಪು ಗೆರೆ. ಕೀರಾಳ ಕಂಬಕ್ಕೆ ಬೇರೆ ಬುಡ ಸಿಕ್ಕಿದೆ. ಅವಳಿಗೀಗ ಕಂಬ ಹತ್ತುವ ಮುಂಚೆ ಏಕೆ ಬಗ್ಗಬೇಕೆಂದೂ ಗೊತ್ತು. ಹಸಿರು ಕೋಟಿನವಳು ಮಾತ್ರ ಸಿಕ್ಕಿಲ್ಲ. ಬಟ್ಟೆ ಒಗೆಯುವ ಅಂಗಡಿಗಳಲ್ಲಿ, ಮಕ್ಕಳ ಈಜುಕೊಳದ ನೋಟಿಸ್ ಬೋರ್ಡಿನಲ್ಲಿ ವೆಸ್ನಾ ಚೀಟಿ ಅಂಟಿಸುತ್ತಲೇ ಇದ್ದಾರೆ. ಎಲ್ಲಾದರೂ ಹಸಿರು ಕೋಟು ಕಂಡರೆ ಬ್ರೇಕ್ ಒತ್ತುತ್ತಾರೆ, ಹಿಂದಿನವರು ಹಾರನ್ ಹೊಡೆದು ಬೈಯುತ್ತಾರೆ.

"ಗೆರೆ ಎಳೆದು ಕೈ ತೊಳ್ಕೊಂಡೆ ನೋಡಿ, ಅವತ್ತೇ ಕೊಯ್ದು ಹಾಕ್ಬೇಕಿತ್ತು," ಎನ್ನುತ್ತಾರೆ. "ನಮ್ಮ ಕಾಲಕ್ಕೆ ಗೆರೆ ಸಾಕಿತ್ತು. ಮುಟ್ಟಿದವರಿಗೆಲ್ಲ ಅರ್ಥ ಆಗ್ತಿತ್ತು."

ರೇಡಿಯೊದಲ್ಲಿ ಹವಾಮಾನದ ಸುದ್ದಿ ಬರುತ್ತಿದೆ. ಕಾಲುದಾರಿಗಳಲ್ಲಿ ಜಾರಿ ಬಿದ್ದವರಿಂದ ಆಸ್ಪತ್ರೆಗಳು ತುಂಬಿವೆ, ಎಚ್ಚರಿಕೆಯಿಂದ ನಡೆಯಿರಿ ಎನ್ನುತ್ತಾನೆ ಓದುವವನು. ವೆಸ್ನಾ ರೇಡಿಯೊ ಆರಿಸುತ್ತಾರೆ. ಐಸ್ ಮೇಲೆ ಜಾರಿದರು ಎಂಬ ಸುದ್ದಿಯನ್ನು ಪೂರ್ತಿ ಕೇಳಿಸಿಕೊಳ್ಳಲು ಈಗ ಅವರಿಂದ ಆಗುವುದಿಲ್ಲ.

ಪತ್ರಿಕೆಗೆ ಒಂದು ಫೋಟೋ ಬೇಕೆಂದಾಗ ಅವರು ಕೂದಲು ಸರಿಮಾಡಿಕೊಳ್ಳುವುದಿಲ್ಲ. ಮುಂದಿದ್ದ ತುಂಡುಗಳಲ್ಲಿ ಒಂದನ್ನೆತ್ತಿ, ಗೆರೆ ಬೆಳಕಿಗೆ ಬರುವಂತೆ ಹಿಡಿಯುತ್ತಾರೆ.

"ನನ್ನ ಮುಖ ಯಾಕೆ? ಇದರ ಫೋಟೋ ಹಾಕಿ, ದೊಡ್ಡದಾಗಿ. ಹಸಿರು ಕೋಟಿನವಳು ನೋಡಿದ್ರೆ ನೋಡ್ಲಿ," ಎನ್ನುತ್ತಾರೆ. "ಗೆರೆ ಎಳೆದವಳು ಒಬ್ಬ ಸ್ಟ್ರಿಪ್ಪರ್ ಅಂತಲೂ ಬರೀರಿ. ಆ ಪದ ಮಾತ್ರ ತೆಗೀಬೇಡಿ. ತೆಗೆದ್ರೆ ಮತ್ತೆ ಅಳತೆ ಅಂದ್ಕೋತಾರೆ."